ಹತ್ತು ವರ್ಷದಲ್ಲಿ ತೊಳೆದುಹೋಗಬೇಕಿದ್ದ ಯುರೇನಿಯಂ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ಪಶ್ಚಿಮ ದಡದಲ್ಲಿ, ರಿಚ್‌ಲ್ಯಾಂಡ್ ಪಟ್ಟಣದಿಂದ ತುಸು ಉತ್ತರಕ್ಕೆ ಹೋದರೆ ಬರೀ ಅಂಕಿಯಿಂದಲೇ ಕರೆಸಿಕೊಳ್ಳುವ ಒಂದು ಜಾಗ ಸಿಗುತ್ತದೆ: 300 ಏರಿಯಾ. ಹ್ಯಾನ್‌ಫರ್ಡ್ ಎಂಬ ವಿಶಾಲ ಪರಮಾಣು ನೆಲೆಯ ದಕ್ಷಿಣ ತುದಿ ಇದು. ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ತಯಾರಾದದ್ದು ಹ್ಯಾನ್‌ಫರ್ಡಿನ ರಿಯಾಕ್ಟರುಗಳಲ್ಲಿ. ಆ ರಿಯಾಕ್ಟರುಗಳು ಉರಿಯಲು ಬೇಕಾದ ಯುರೇನಿಯಂ ಇಂಧನವನ್ನು ಎರಕ ಹೊಯ್ದು, ಲೋಹದ ಕವಚ ತೊಡಿಸಿ ಸಿದ್ಧಪಡಿಸುತ್ತಿದ್ದದ್ದು 300 ಏರಿಯಾದಲ್ಲಿ. ಕೆಲಸ ಶುರುವಾದದ್ದು 1943ರಲ್ಲಿ, ನಿಂತದ್ದು 1980ರ ದಶಕದ ಕೊನೆಯಲ್ಲಿ.

ಹ್ಯಾನ್‌ಫರ್ಡ್ ಎಂದರೆ ಜನ ಸಾಮಾನ್ಯವಾಗಿ ಮಾತಾಡುವುದು ವಿಕಿರಣಶೀಲ ತ್ಯಾಜ್ಯ ತುಂಬಿದ, ನೆಲದಡಿಯ ಸೋರುವ ಟ್ಯಾಂಕುಗಳ ಬಗ್ಗೆ. ಅದಕ್ಕೆ ಹೋಲಿಸಿದರೆ 300 ಏರಿಯಾ ಸಣ್ಣ ಗಾಯ. ಆದರೂ ವಿಕಿರಣಶೀಲ ಲೋಹವೊಂದು ಮಣ್ಣಿನ ಖನಿಜಕ್ಕೆ ಹೇಗೆ ಅಂಟುತ್ತದೆ, ಯಾವಾಗ ಬಿಡುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸಿದ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. ಕಲಿಸಿದ ರೀತಿಯೂ ಕಠಿಣವಾಗಿತ್ತು. ಮೊದಲು ಮಾಡಿದ ಲೆಕ್ಕ ಸುಳ್ಳಾಯಿತು, ಆಮೇಲೆ ಅದು ಯಾಕೆ ಸುಳ್ಳಾಯಿತೆಂದು ಹುಡುಕುತ್ತ ಇಪ್ಪತ್ತು ವರ್ಷ ಕಳೆಯಿತು.

ಹೊಂಡಗಳಿಗೆ ಹೋದದ್ದು

ಇಂಧನ ತಯಾರಿಕೆಯಲ್ಲಿ ಕೆಟ್ಟುಹೋದ ತುಂಡುಗಳನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಿದ್ದರು. ಅಲ್ಯೂಮಿನಿಯಂ ಕವಚವನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ತೆಗೆಯುತ್ತಿದ್ದರು. ಹೀಗಾಗಿ ತೊಳೆದ ನೀರು ಒಂದು ದಿನ ಆಮ್ಲೀಯ, ಇನ್ನೊಂದು ದಿನ ಕ್ಷಾರೀಯ. ಅದರಲ್ಲಿ ಯುರೇನಿಯಂ ಜೊತೆಗೆ ತಾಮ್ರ, ಅಲ್ಯೂಮಿನಿಯಂ, ನೈಟ್ರೇಟ್, ಫ್ಲೋರೈಡ್, ಫಾಸ್ಫೇಟ್ ಎಲ್ಲವೂ ಬೆರೆತಿರುತ್ತಿದ್ದವು. ಇದನ್ನೆಲ್ಲ ನದಿಯಿಂದ ಕೆಲವೇ ನೂರು ಮೀಟರ್ ದೂರದ ಎರಡು ದೊಡ್ಡ ಹೊಂಡಗಳಿಗೆ ಬಿಟ್ಟರು. ಹೊಂಡಗಳ ತಳಕ್ಕೆ ಯಾವ ಹಾಸೂ ಇರಲಿಲ್ಲ, ನೀರು ಇಂಗಿಹೋಗಲಿ ಎಂಬುದೇ ಉದ್ದೇಶ. 1975ರಲ್ಲಿ ಹೊಂಡಗಳ ಬದಲು ಉದ್ದನೆಯ ಕಂದಕಗಳು ಬಂದವು, ಅವು 1994ರವರೆಗೆ ಬಳಕೆಯಲ್ಲಿದ್ದವು. ಒಟ್ಟಾರೆ ಹತ್ತಾರು ಸಾವಿರ ಕಿಲೊ ಯುರೇನಿಯಂ ಈ ದಾರಿಯಲ್ಲಿ ನೆಲಕ್ಕೆ ಸೇರಿತು.

ಆ ನೆಲ ಎಂಥದ್ದೆಂಬುದು ಮುಖ್ಯ. ಹಿಮಯುಗದ ಕೊನೆಯಲ್ಲಿ ಹಿಮದ ಅಣೆಕಟ್ಟುಗಳು ಒಡೆದು ಈ ಪ್ರದೇಶದ ಮೇಲೆ ಮಹಾಪ್ರವಾಹಗಳು ಮತ್ತೆಮತ್ತೆ ಹರಿದವು. ಅವು ಬಿಟ್ಟುಹೋದದ್ದು ಬಸಾಲ್ಟಿನ ಗುಂಡುಕಲ್ಲು, ಜಲ್ಲಿ, ನಡುನಡುವೆ ಸ್ವಲ್ಪ ಮರಳು ಮತ್ತು ಹೂಳು. ಇದಕ್ಕೆ ಹ್ಯಾನ್‌ಫರ್ಡ್ ಸ್ತರ ಎಂದು ಹೆಸರು. ನಮ್ಮ ಹೊಳೆಯ ಪಾತ್ರದಲ್ಲಿ ಬೇಸಿಗೆಯಲ್ಲಿ ಕಾಣುವ ಗುಂಡುಕಲ್ಲಿನ ರಾಶಿಯನ್ನು ನೆನೆದುಕೊಳ್ಳಿ, ನೀರು ಸುರಿದರೆ ಕಣ್ಣೆದುರೇ ಮಾಯ. ಅಂತರ್ಜಲ ಇಲ್ಲಿ ಕೆಲವೆಡೆ ದಿನಕ್ಕೆ ಹತ್ತು ಮೀಟರಿಗೂ ಹೆಚ್ಚು ಚಲಿಸಬಲ್ಲದು. ಅಂತರ್ಜಲಕ್ಕೆ ಇದು ನಂಬಲಾಗದ ವೇಗ.

ಇಷ್ಟು ವೇಗದ ನೀರು ಹರಿಯುವ ಜಾಗದಲ್ಲಿ ಕೊಳೆ ಎಷ್ಟು ದಿನ ನಿಂತೀತು?

1993ರ ಲೆಕ್ಕ

ಆ ಪ್ರಶ್ನೆಗೆ 1990ರ ದಶಕದ ಆರಂಭದಲ್ಲಿ ಸಿಕ್ಕ ಉತ್ತರ: ಹೆಚ್ಚೆಂದರೆ ಹತ್ತು ವರ್ಷ. ಮೂಲವನ್ನು ನಿಲ್ಲಿಸಿದರೆ, 1993ರಿಂದ 3ರಿಂದ 10 ವರ್ಷಗಳಲ್ಲಿ ಅಂತರ್ಜಲದ ಯುರೇನಿಯಂ ತಾನಾಗಿಯೇ ಕುಡಿಯುವ ನೀರಿನ ಮಿತಿಗಿಂತ ಕೆಳಗಿಳಿಯುತ್ತದೆ ಎಂದು ಲೆಕ್ಕಕ್ಕೆ ಬಳಸಿದ ಗಣಿತದ ಮಾದರಿ ಹೇಳಿತು. 1996ರ ಅಧಿಕೃತ ನಿರ್ಧಾರವೂ ಅದನ್ನೇ ಒಪ್ಪಿತು. ಕಲುಷಿತ ಮೇಲ್ಮಣ್ಣನ್ನು ಅಗೆದು ತೆಗೆಯುವುದು, ಬಾವಿಗಳ ನೀರನ್ನು ಪರೀಕ್ಷಿಸುತ್ತಿರುವುದು, ಉಳಿದದ್ದನ್ನು ಪ್ರಕೃತಿಗೆ ಬಿಡುವುದು.

ಮಾದರಿಯ ಒಳಗೆ ಯುರೇನಿಯಂ ಮತ್ತು ಕಲ್ಲಿನ ಸಂಬಂಧವನ್ನು ಒಂದೇ ಸಂಖ್ಯೆ ಹೇಳುತ್ತಿತ್ತು. ಅದರ ಹೆಸರು ಹಂಚಿಕೆ ಗುಣಾಂಕ. ಒಂದು ಲೀಟರ್ ನೀರಿನಲ್ಲಿ ಇಷ್ಟು ಯುರೇನಿಯಂ ಇದ್ದರೆ, ಅದರ ಜೊತೆಗಿರುವ ಒಂದು ಕಿಲೊ ಮಣ್ಣಿಗೆ ಎಷ್ಟು ಅಂಟಿರುತ್ತದೆ ಎಂಬ ಅನುಪಾತ. ಪ್ರಯೋಗಾಲಯದ ಸೀಸೆಯಲ್ಲಿ ಮಣ್ಣು ಮತ್ತು ನೀರು ಹಾಕಿ ಕುಲುಕಿ ಅಳೆದರೆ ಸಿಗುತ್ತದೆ. ಜಲ್ಲಿ ನೆಲವಾದ್ದರಿಂದ ಸಂಖ್ಯೆ ಚಿಕ್ಕದಾಗಿತ್ತು. ಯುರೇನಿಯಂ ಕಲ್ಲಿಗೆ ಹೆಚ್ಚು ಅಂಟುವುದಿಲ್ಲ, ನೀರಿನ ಜೊತೆಗೇ ಹೊರಟುಹೋಗುತ್ತದೆ ಎಂದರ್ಥ.

ಆ ಲೆಕ್ಕ ಹಾಕಿದವರನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆಗ ಜಗತ್ತಿನ ಎಲ್ಲೆಡೆ ಅದೇ ವಿಧಾನ ರೂಢಿಯಲ್ಲಿತ್ತು, ಇಂದಿಗೂ ಎಷ್ಟೋ ಕಡೆ ಇದೆ. ಆದರೆ ಆ ಒಂದು ಸಂಖ್ಯೆಯೊಳಗೆ ಎರಡು ನಂಬಿಕೆಗಳು ಸದ್ದಿಲ್ಲದೆ ಕುಳಿತಿದ್ದವು. ನೀರಿನ ರಸಾಯನ ಬದಲಾಗುವುದಿಲ್ಲ ಎಂಬುದು ಒಂದು. ಅಂಟುವುದೂ ಬಿಡುವುದೂ ತಕ್ಷಣ ನಡೆಯುತ್ತದೆ ಎಂಬುದು ಇನ್ನೊಂದು. 300 ಏರಿಯಾದಲ್ಲಿ ಎರಡೂ ನಿಜವಾಗಿರಲಿಲ್ಲ.

2003 ಬಂತು, ಯುರೇನಿಯಂ ಹೋಗಲಿಲ್ಲ. ಅಷ್ಟರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕುಡಿಯುವ ನೀರಿಗೆ ಲೀಟರಿಗೆ 30 ಮೈಕ್ರೊಗ್ರಾಂ ಎಂಬ ಮಿತಿಯನ್ನು ಗೊತ್ತುಮಾಡಿತ್ತು. ಹೊಂಡಗಳ ಸುತ್ತಲ ಹಲವು ಬಾವಿಗಳಲ್ಲಿ ಅಳತೆ ಇನ್ನೂ ಅದರ ಮೇಲೆಯೇ ಇತ್ತು, ಕೆಲವೆಡೆ ವರ್ಷದ ಒಂದು ಹೊತ್ತಿನಲ್ಲಿ ನೂರನ್ನೂ ದಾಟುತ್ತಿತ್ತು. ಸುಮಾರು ಅರ್ಧ ಚದರ ಕಿಲೊಮೀಟರ್ ವಿಸ್ತಾರದ ಕಲುಷಿತ ನೀರು ನದಿಯ ದಡದುದ್ದಕ್ಕೂ ಹಾಗೇ ಉಳಿದಿತ್ತು. ನೀರು ಓಡುತ್ತಿದೆ, ಮೇಲಿನ ಮಣ್ಣನ್ನು ತೆಗೆದಾಗಿದೆ, ಹೊಸದಾಗಿ ಯಾರೂ ಏನನ್ನೂ ಸುರಿಯುತ್ತಿಲ್ಲ. ಹಾಗಾದರೆ ಯುರೇನಿಯಂ ಎಲ್ಲಿಂದ ಬರುತ್ತಿದೆ?

ಕಲ್ಲು ಹಿಡಿಯುವ ಬಗೆ

ಇಲ್ಲಿ ಸ್ವಲ್ಪ ನಿಂತು ಅಣುವಿನ ಮಟ್ಟಕ್ಕೆ ಇಳಿಯಬೇಕು. ಆಮ್ಲಜನಕ ಇರುವ ನೀರಿನಲ್ಲಿ ಯುರೇನಿಯಂ ಒಂಟಿಯಾಗಿ ಇರುವುದಿಲ್ಲ. ಮೇಲೊಂದು ಕೆಳಗೊಂದು ಆಮ್ಲಜನಕವನ್ನು ಗಟ್ಟಿಯಾಗಿ ಕಟ್ಟಿಕೊಂಡು ಕಡ್ಡಿಯಂಥ ಒಂದು ಅಯಾನಾಗಿರುತ್ತದೆ, ಅದಕ್ಕೆ ಯುರೇನೈಲ್ ಎಂದು ಹೆಸರು. ಕಡ್ಡಿಯ ಎರಡು ತುದಿಗಳೂ ಭರ್ತಿ. ನಡುವಿಗೆ, ಸೊಂಟದ ಸುತ್ತ, ಐದಾರು ಜಾಗ ಖಾಲಿ. ಯುರೇನಿಯಂ ಯಾರನ್ನು ಹಿಡಿದುಕೊಂಡರೂ ಈ ಸೊಂಟದ ಜಾಗಗಳಲ್ಲೇ.

ಖನಿಜದ ಮೇಲ್ಮೈ ಕೂಡ ನಾವು ಅಂದುಕೊಂಡಷ್ಟು ನಿರ್ಜೀವ ಗೋಡೆಯಲ್ಲ. ಕಬ್ಬಿಣದ ಆಕ್ಸೈಡಿನ ಕಣವಾಗಲಿ, ಜೇಡಿಯ ಪದರಗಳ ಅಂಚಾಗಲಿ, ಕಲ್ಲು ಮುಗಿದು ನೀರು ಶುರುವಾಗುವಲ್ಲಿ ಆಮ್ಲಜನಕದ ಪರಮಾಣುಗಳು ಅರ್ಧ ಕಟ್ಟಿನಲ್ಲಿ ನಿಂತಿರುತ್ತವೆ, ಹೆಚ್ಚಿನವು ಒಂದು ಜಲಜನಕವನ್ನು ಹೊತ್ತಿರುತ್ತವೆ. ನೀರು ಆಮ್ಲೀಯವಾಗಿದ್ದರೆ ಜಲಜನಕದ ಅಯಾನುಗಳೇ ಆ ಜಾಗಗಳನ್ನೆಲ್ಲ ತುಂಬಿಕೊಂಡು ಯುರೇನೈಲನ್ನು ದೂರ ತಳ್ಳುತ್ತವೆ. ಆಮ್ಲತೆ ಇಳಿದಂತೆ ಜಾಗ ತೆರೆಯುತ್ತದೆ. ಮೇಲ್ಮೈಯ ಎರಡು ಆಮ್ಲಜನಕಗಳು ಯುರೇನೈಲಿನ ಸೊಂಟವನ್ನು ಎರಡು ಕೈಯಲ್ಲಿ ಹಿಡಿದಂತೆ ಹಿಡಿಯುತ್ತವೆ. ಇದೇ ಅಧಿಶೋಷಣೆ, ಸರಳವಾಗಿ ಮೇಲ್ಮೈ ಹೀರಿಕೆ. ಪಿಎಚ್ 6ರಿಂದ 7ರ ಆಸುಪಾಸಿನಲ್ಲಿ ಈ ಹಿಡಿತ ತುಂಬಾ ಬಿಗಿ.

ಅದರ ಮೇಲಕ್ಕೆ ಹೋದರೆ ಮೂರನೆಯವನೊಬ್ಬ ಬರುತ್ತಾನೆ: ಕಾರ್ಬೊನೇಟ್. ತಾಮ್ರದ ಚೊಂಬಿನ ಕಿಲುಬು ಬರೀ ನೀರಿಗೆ ಹೋಗುವುದಿಲ್ಲ, ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಹೋಗುತ್ತದೆ. ಹುಣಸೆಯ ಆಮ್ಲ ಕಿಲುಬಿನ ತಾಮ್ರವನ್ನು ತನ್ನ ಕಡೆಗೆ ಕಟ್ಟಿಕೊಂಡು ನೀರಿಗೆ ಎಳೆಯುತ್ತದೆ. ಯುರೇನಿಯಂ ಪಾಲಿಗೆ ಆ ಹುಣಸೆಯ ಕೆಲಸ ಮಾಡುವುದು ಗಡಸು ನೀರಿನಲ್ಲಿ ಸದಾ ಇರುವ ಬೈಕಾರ್ಬೊನೇಟ್. ಮೂರು ಕಾರ್ಬೊನೇಟುಗಳು ಎರಡೆರಡು ಕೈಯಿಂದ ಯುರೇನೈಲಿನ ಸೊಂಟ ಹಿಡಿದರೆ ಆರೂ ಜಾಗ ಮುಗಿಯಿತು, ಕಲ್ಲಿಗೆ ಉಳಿದದ್ದು ಸೊನ್ನೆ. ನೀರಿನಲ್ಲಿ ಕ್ಯಾಲ್ಸಿಯಂ ಕೂಡ ಇದ್ದರೆ ಎರಡು ಕ್ಯಾಲ್ಸಿಯಂ ಹೊರಗಿನಿಂದ ಬಂದು ಸೇರಿ ವಿದ್ಯುದಂಶವನ್ನೂ ಶೂನ್ಯ ಮಾಡಿಬಿಡುತ್ತವೆ. ಆಮೇಲೆ ಆ ಕಣಕ್ಕೆ ಯಾವ ಮೇಲ್ಮೈಯ ಸೆಳೆತವೂ ಇಲ್ಲ. ಈ ಕ್ಯಾಲ್ಸಿಯಂ ಕೂಟವನ್ನು ಜರ್ಮನಿಯ ಸಂಶೋಧಕರು ಯುರೇನಿಯಂ ಗಣಿಯ ನೀರಿನಲ್ಲಿ ಗುರುತಿಸಿದ್ದೇ 1990ರ ದಶಕದ ಉತ್ತರಾರ್ಧದಲ್ಲಿ, ಅಂದರೆ 300 ಏರಿಯಾದ ಲೆಕ್ಕ ಮುಗಿದ ಮೇಲೆ.

ಈ ರಸಾಯನ ಕನ್ನಡದವರಿಗೆ ದೂರದ್ದಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಆಳದ ಕೊಳವೆಬಾವಿಗಳಲ್ಲಿ ಯುರೇನಿಯಂ ಕಂಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ಸಂಶೋಧಕರು ಪೂರ್ವ ಕರ್ನಾಟಕದ 73 ಹಳ್ಳಿಗಳ ನೀರನ್ನು ಪರೀಕ್ಷಿಸಿದಾಗ 57ರಲ್ಲಿ ಅದು 30 ಮೈಕ್ರೊಗ್ರಾಂ ಮೀರಿತ್ತು. ಅಲ್ಲಿ ಯಾವ ಕಾರ್ಖಾನೆಯೂ ಯುರೇನಿಯಂ ಸುರಿದಿಲ್ಲ. ಗ್ರಾನೈಟ್ ಕಲ್ಲಿನಲ್ಲೇ ಇರುವ ಯುರೇನಿಯಂ ಅದು. ಬೈಕಾರ್ಬೊನೇಟ್ ತುಂಬಿದ ನೀರು ಬಿರುಕುಗಳಲ್ಲಿ ಎಷ್ಟೋ ಕಾಲ ನಿಂತು ಅದನ್ನು ಬಿಡಿಸಿಕೊಳ್ಳುತ್ತದೆ. ಹ್ಯಾನ್‌ಫರ್ಡಿನ ಪಾಠವನ್ನು ನಾನು ಇಷ್ಟು ಆಸಕ್ತಿಯಿಂದ ಓದುವುದಕ್ಕೆ ಇದೂ ಒಂದು ಕಾರಣ.

ನದಿ ಏರುವ ತಿಂಗಳು

ಕೊಲಂಬಿಯಾ ಹಿಮದ ನದಿ. ಮೇ, ಜೂನ್‌ನಲ್ಲಿ ಬೆಟ್ಟದ ಹಿಮ ಕರಗಿದಾಗ 300 ಏರಿಯಾದ ಎದುರು ನೀರಿನ ಮಟ್ಟ ಎರಡು ಮೀಟರಿಗೂ ಹೆಚ್ಚು ಏರಬಲ್ಲದು. ಮೇಲಿನ ಅಣೆಕಟ್ಟುಗಳಲ್ಲಿ ವಿದ್ಯುತ್ತಿಗೆಂದು ನೀರು ಬಿಡುವುದರಿಂದ ದಿನದಿನಕ್ಕೂ ಏರಿಳಿತವಿದೆ. ನೆಲ ಜಲ್ಲಿಯದಾದ್ದರಿಂದ ನದಿ ಏರಿದರೆ ಒಳಗಿನ ಅಂತರ್ಜಲವೂ ಹೆಚ್ಚು ತಡವಿಲ್ಲದೆ ಏರುತ್ತದೆ.

ಬಾವಿಗಳ ದಾಖಲೆಯಲ್ಲಿ ಕಂಡ ವಿಚಿತ್ರ ಇಲ್ಲಿಂದ ಅರ್ಥವಾಗತೊಡಗಿತು. ಜೂನ್‌ನಲ್ಲಿ ನದಿಗೆ ಹತ್ತಿರದ ಬಾವಿಗಳಲ್ಲಿ ಯುರೇನಿಯಂ ಇಳಿಯುತ್ತಿತ್ತು, ಒಳನಾಡಿನ ಕೆಲವು ಬಾವಿಗಳಲ್ಲಿ ಅದೇ ಹೊತ್ತಿಗೆ ಏರುತ್ತಿತ್ತು.

ಹತ್ತಿರದ ಬಾವಿಗಳ ಕಥೆ ಹೀಗೆ. ನದಿಯ ನೀರಿನಲ್ಲಿ ಬೈಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಅಂತರ್ಜಲಕ್ಕಿಂತ ಕಡಿಮೆ. ಅದು ದಡದೊಳಕ್ಕೆ ನುಗ್ಗಿದಾಗ ಯುರೇನಿಯಂ ತೆಳುವಾಗುವುದಷ್ಟೇ ಅಲ್ಲ, ಕಾರ್ಬೊನೇಟಿನ ಹಿಡಿತ ಸಡಿಲಗೊಂಡು ಕಲ್ಲಿನ ಹಿಡಿತ ಬಲವಾಗುತ್ತದೆ. ನೀರಿನಲ್ಲಿದ್ದದ್ದು ಕಲ್ಲಿಗೆ ಅಂಟಿಕೊಳ್ಳುತ್ತದೆ. ಆ ವಾರ ಪರೀಕ್ಷೆಗೆಂದು ಬಾವಿಯ ನೀರು ತೆಗೆದವರಿಗೆ ನೆಲ ಶುದ್ಧವಾಗುತ್ತಿದೆ ಎನಿಸಿದರೆ ಆಶ್ಚರ್ಯವಿಲ್ಲ. ಶರತ್ಕಾಲದಲ್ಲಿ ನದಿ ಇಳಿದು ಗಡಸು ಅಂತರ್ಜಲ ಮತ್ತೆ ದಡದ ಕಡೆಗೆ ಬಂದಾಗ, ಅಂಟಿದ್ದದ್ದು ಬಿಟ್ಟು ನೀರಿಗಿಳಿಯುತ್ತದೆ, ನದಿಯ ಕಡೆಗೆ ಹೊರಡುತ್ತದೆ. ಅದೇ ಕಲ್ಲು, ಅದೇ ಯುರೇನಿಯಂ. ಹಂಚಿಕೆ ಗುಣಾಂಕ ಮಾತ್ರ ತಿಂಗಳಿಂದ ತಿಂಗಳಿಗೆ ಬೇರೆ.

ಒಳನಾಡಿನ ಬಾವಿಗಳಲ್ಲಿ ನಡೆಯುವುದು ಬೇರೆ. ಅಗೆತ ಕೆಲವು ಮೀಟರ್ ಆಳಕ್ಕೆ ನಿಂತಿತ್ತು. ಅದರ ಕೆಳಗೆ, ಅಂತರ್ಜಲದ ಸಾಮಾನ್ಯ ಮಟ್ಟಕ್ಕಿಂತ ಸ್ವಲ್ಪ ಮೇಲೆ, ವರ್ಷದ ಬಹುಪಾಲು ಒಣಗಿದ್ದು ನದಿ ಏರಿದಾಗ ಮಾತ್ರ ನೆನೆಯುವ ಒಂದು ಪಟ್ಟಿಯಿತ್ತು. ದಶಕಗಳ ಕಾಲ ಇಂಗಿದ ಯುರೇನಿಯಂ ಅಲ್ಲಿನ ಸಣ್ಣ ಕಣಗಳಿಗೆ ಅಂಟಿ ಉಳಿದಿತ್ತು. ಪ್ರತಿ ವರ್ಷ ಜೂನ್‌ನಲ್ಲಿ ಅಂತರ್ಜಲ ಮೇಲೆದ್ದು ಆ ಪಟ್ಟಿಯನ್ನು ನೆನೆಸಿ, ಒಂದು ಪಾಲನ್ನು ಕರಗಿಸಿಕೊಂಡು ಕೆಳಗಿಳಿಯುತ್ತಿತ್ತು. ಮೂಲ ನಿಂತಿದೆ ಎಂದುಕೊಂಡದ್ದು ತಪ್ಪು. ಮೂಲ ನೆಲದೊಳಗೇ ಇತ್ತು, ಅದರ ಬಾಗಿಲನ್ನು ವರ್ಷಕ್ಕೊಮ್ಮೆ ನದಿಯೇ ತೆರೆಯುತ್ತಿತ್ತು.

ಇದಕ್ಕೆ ಒಂದು ಕಹಿ ಸಾಕ್ಷಿಯೂ ಸಿಕ್ಕಿತು. ಹೊಂಡಗಳಿಂದ ತುಸು ದೂರದ ಒಂದು ಹಳೆಯ ಕಸದ ಹೂಳುಗುಂಡಿಯನ್ನು 2000ದ ದಶಕದ ಕೊನೆಯಲ್ಲಿ ಅಗೆದು ಸ್ವಚ್ಛಗೊಳಿಸುವಾಗ ಧೂಳು ಏಳದಿರಲೆಂದು ನೀರು ಚಿಮುಕಿಸಿದರು. ಇಂಗಿದ ನೀರು ಕೆಳಗಿನ ಯುರೇನಿಯಂ ಹೊತ್ತು ಅಂತರ್ಜಲಕ್ಕೆ ಮುಟ್ಟಿಸಿತು, ಅಲ್ಲಿ ಹೊಸದೊಂದು ಕಲುಷಿತ ಪಟ್ಟಿಯೇ ಎದ್ದಿತು. ಕೆಲಸಗಾರರ ಉಸಿರು ಕಾಪಾಡಲು ಮಾಡಿದ ಸರಿಯಾದ ಕೆಲಸವೇ ಅದು. ಅದೇ ನೀರು ನೆಲದಡಿಯಲ್ಲಿ ಬಾಗಿಲು ತೆರೆಯಿತು.

ನಿಲ್ಲಿಸಿ ಮತ್ತೆ ಹರಿಸಿದಾಗ

ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದ ಜಾನ್ ಝಕಾರಾ ಮತ್ತು ಜೊತೆಗಾರರು ಇಲ್ಲಿಯ ಮಣ್ಣನ್ನು ಕೊಳವೆಗೆ ತುಂಬಿ ನೀರು ಹರಿಸುವ ಪ್ರಯೋಗಗಳನ್ನು ಮಾಡಿದರು. ಈ ಪ್ರಯೋಗದ ಸೊಗಸು ಹರಿಸುವುದರಲ್ಲಿಲ್ಲ, ನಿಲ್ಲಿಸುವುದರಲ್ಲಿದೆ. ನೀರು ಹರಿದಂತೆ ಹೊರಬರುವ ಯುರೇನಿಯಂ ಇಳಿಯುತ್ತ ಹೋಗಿ ಬಹುತೇಕ ಮುಗಿದಂತೆ ಕಾಣುತ್ತದೆ. ಆಗ ಪಂಪು ನಿಲ್ಲಿಸಿ ನೀರನ್ನು ಮಣ್ಣಿನಲ್ಲೇ ಬಿಡುತ್ತಾರೆ. ಮತ್ತೆ ಹರಿಸಿದಾಗ ಮೊದಲು ಬರುವ ನೀರಿನಲ್ಲಿ ಯುರೇನಿಯಂ ದಿಢೀರನೆ ಜಿಗಿದಿರುತ್ತದೆ. ಮುಗಿದಿರಲಿಲ್ಲ, ಬರಲು ಸಮಯ ಬೇಕಾಗಿತ್ತು.

ಯಾಕೆ ಸಮಯ? ಯುರೇನಿಯಂ ಕುಳಿತಿರುವುದು ಜಲ್ಲಿಯ ನುಣುಪು ಮೈಮೇಲಲ್ಲ. ಕಲ್ಲುಗಳಿಗೆ ಮೆತ್ತಿದ ಜೇಡಿಯಂಥ ತೆಳು ಲೇಪದೊಳಗೆ, ಹರಳುಗಳ ಸೂಕ್ಷ್ಮ ಬಿರುಕುಗಳೊಳಗೆ. ಹೊರಗಿನ ನೀರು ದಿನಕ್ಕೆ ಮೀಟರುಗಟ್ಟಲೆ ಓಡುತ್ತಿದ್ದರೂ ಆ ಸಂದುಗಳೊಳಗೆ ನೀರು ನಿಂತೇ ಇರುತ್ತದೆ. ಒಂದು ಅಯಾನು ಮೇಲ್ಮೈ ಬಿಟ್ಟರೂ ಸಂದಿನಿಂದ ಹೊರಬರುವ ದಾರಿಯಲ್ಲಿ ಮತ್ತೆ ಅಂಟಿ, ಮತ್ತೆ ಬಿಟ್ಟು, ತಡವರಿಸುತ್ತ ಬರಬೇಕು. ಇದಕ್ಕೆ ಗಂಟೆಗಳಿಂದ ತಿಂಗಳುಗಳವರೆಗಿನ ಬೇರೆಬೇರೆ ಗತಿಗಳಿವೆ. ಮೊದಲ ಇಳಿಕೆಯನ್ನೇ ನೋಡಿ ಗೆರೆ ಮುಂದಕ್ಕೆಳೆದರೆ ಹತ್ತು ವರ್ಷ ಎಂಬ ಉತ್ತರ ಬರುವುದು ಸಹಜ.

ಎಕ್ಸ್-ಕಿರಣ ಮತ್ತು ಲೇಸರ್ ಬಳಸಿ ಹೊಂಡದ ಕೆಳಗಿನ ಮಣ್ಣನ್ನು ಆಳದಿಂದ ಆಳಕ್ಕೆ ನೋಡಿದಾಗ ಇನ್ನೊಂದು ಸಂಗತಿ ಬಯಲಾಯಿತು. ಯುರೇನಿಯಂ ಎಲ್ಲೆಡೆ ಒಂದೇ ರೂಪದಲ್ಲಿರಲಿಲ್ಲ. ಮೇಲಿನ ಪದರದಲ್ಲಿ ಸುಣ್ಣದ ಖನಿಜ ಕ್ಯಾಲ್ಸೈಟಿನೊಳಗೆ ಸಿಕ್ಕಿಕೊಂಡಿತ್ತು. ಅದರ ಕೆಳಗೆ ತಾಮ್ರ ಮತ್ತು ಫಾಸ್ಫೇಟಿನ ಜೊತೆ ಸೇರಿ ಮೆಟಾಟೊರ್ಬರ್ನೈಟ್ ಎಂಬ ಹಸಿರು ಖನಿಜವೇ ಆಗಿಬಿಟ್ಟಿತ್ತು. ಕಾರ್ಖಾನೆಯ ಕೊಳೆನೀರಿನ ತಾಮ್ರವೂ ಫಾಸ್ಫೇಟೂ ಸೇರಿ ನೆಲದಲ್ಲಿ ಹರಳು ಬೆಳೆಸಿದ್ದವು. ಇನ್ನೂ ಆಳದಲ್ಲಿ, ಅಂತರ್ಜಲದ ಹತ್ತಿರ, ಜೇಡಿಯಂಥ ಪದರ ಸಿಲಿಕೇಟು ಖನಿಜಗಳ ಮೇಲ್ಮೈಗೆ ಬರೀ ಅಂಟಿಕೊಂಡಿತ್ತು. ಅತ್ಯಂತ ಸಡಿಲ ರೂಪ ನೀರಿಗೆ ಅತ್ಯಂತ ಹತ್ತಿರ.

ಮುಂದೆ ಹಳೆಯ ದಕ್ಷಿಣ ಹೊಂಡದ ಜಾಗದಲ್ಲೇ, 60 ಮೀಟರ್ ಬದಿಯ ತ್ರಿಕೋನದೊಳಗೆ ಸುಮಾರು 35 ಬಾವಿಗಳನ್ನು ಕೊರೆದು, ಪ್ರಯೋಗಾಲಯದ ಈ ಮಾತುಗಳನ್ನು ನಿಜವಾದ ನೆಲದಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದರು. ಮೂವತ್ತೈದು ಬಾವಿಗಳಿದ್ದರೂ ಪಕ್ಕಪಕ್ಕದ ಬಾವಿಗಳು ಬೇರೆಬೇರೆ ಉತ್ತರ ಕೊಟ್ಟವು. ಜಲ್ಲಿಯ ನಡುವೆ ಹೂಳು ಎಲ್ಲಿದೆಯೋ ಅಲ್ಲಿ ಯುರೇನಿಯಂ.

ಸೀಸಿಯಂ ಜೊತೆಗಿಟ್ಟು ನೋಡಿದರೆ

ಹ್ಯಾನ್‌ಫರ್ಡಿನ ನಡುಭಾಗದಲ್ಲಿ, ಸೋರಿದ ಟ್ಯಾಂಕುಗಳ ಕೆಳಗೆ, ಸೀಸಿಯಂ-137 ಎಂಬ ಇನ್ನೊಂದು ವಿಕಿರಣಶೀಲ ಲೋಹ ಬೇರೆಯೇ ನಡತೆ ತೋರಿತು. ಅದನ್ನು ಹಿಡಿಯುವುದು ಅಭ್ರಕ, ನಮ್ಮ ಮಕ್ಕಳು ಕಾಗೆಬಂಗಾರ ಎಂದು ಆಯ್ದುಕೊಳ್ಳುವ ಅದೇ ಖನಿಜ. ಅಭ್ರಕದ ಹಾಳೆಗಳ ನಡುವೆ ಪೊಟ್ಯಾಸಿಯಂ ಕುಳಿತಿರುತ್ತದೆ. ಮಳೆಬಿಸಿಲಿಗೆ ಅಂಚು ಸವೆದು ಹಾಳೆಗಳು ತುಸು ಬಿಚ್ಚಿಕೊಂಡಲ್ಲಿ ಪೊಟ್ಯಾಸಿಯಂ ಹೊರಟು ಸೀಸಿಯಂ ಒಳಸೇರುತ್ತದೆ, ಹಾಳೆ ಮತ್ತೆ ಮುಚ್ಚಿಕೊಳ್ಳುತ್ತದೆ. ಟ್ಯಾಂಕಿನ ದ್ರವದಲ್ಲಿ ಸೋಡಿಯಂ ಅತಿಯಾಗಿದ್ದದ್ದರಿಂದ ಆ ಜಾಗಗಳಿಗೆ ಪೈಪೋಟಿ ಬಿದ್ದು ಸೀಸಿಯಂ ಎಣಿಸಿದ್ದಕ್ಕಿಂತ ಆಳಕ್ಕಿಳಿಯಿತು. ಅಲ್ಲೂ ಕಲ್ಲಿನ ಹಿಡಿತವನ್ನು ತೀರ್ಮಾನಿಸಿದ್ದು ನೀರಿನ ಜೊತೆಗಾರರೇ. ಆದರೆ ಸೋಡಿಯಂ ತೆಳುವಾದ ಮೇಲೆ ಅಭ್ರಕ ಅದನ್ನು ಹಿಡಿದು ನಿಲ್ಲಿಸಿತು.

ಸೀಸಿಯಂ-137ರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, ಸುಮಾರು 30 ವರ್ಷ. ಅಭ್ರಕ ಅದನ್ನು ಮುನ್ನೂರು ವರ್ಷ ಬಿಡದಿದ್ದರೆ ಸಾವಿರದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಯುರೇನಿಯಂ-238ರ ಅರ್ಧಾಯು ಸುಮಾರು 450 ಕೋಟಿ ವರ್ಷ. ಕಾಯ್ದು ಕುಳಿತರೆ ಮುಗಿಯುವ ಮಾತೇ ಇಲ್ಲ. ಹಾಗಾಗಿ ಯುರೇನಿಯಂ ಕಲ್ಲಿಗೆ ಅಂಟಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾವ ನೀರಿನಲ್ಲಿ ಎಂದು.

ಫಾಸ್ಫೇಟಿನ ಪ್ರಯತ್ನ

ಮೆಟಾಟೊರ್ಬರ್ನೈಟಿನ ಹರಳುಗಳು ಪರಿಹಾರದ ಸುಳಿವನ್ನೂ ಕೊಟ್ಟಿದ್ದವು. ಫಾಸ್ಫೇಟ್ ಸಿಕ್ಕರೆ ಯುರೇನಿಯಂ ಕಾರ್ಬೊನೇಟಿನ ಕೈಬಿಟ್ಟು ಖನಿಜವಾಗಿ ಗಟ್ಟಿಯಾಗಬಲ್ಲದು. 2007ರಲ್ಲಿ ಅಂತರ್ಜಲಕ್ಕೇ ಪಾಲಿಫಾಸ್ಫೇಟ್, ಅಂದರೆ ಸರಪಳಿಯಂತೆ ಜೋಡಿಸಿದ ಫಾಸ್ಫೇಟ್, ಇಳಿಸಿ ನೋಡಿದರು. ಮೊದಲು ಯುರೇನಿಯಂ ಇಳಿಯಿತು, ಆದರೆ ಫಲ ಬಾಳಲಿಲ್ಲ. ನೀರಿನ ವೇಗ ಅಷ್ಟಿತ್ತೆಂದರೆ ಹಾಕಿದ ಪದಾರ್ಥಗಳು ಒಂದಕ್ಕೊಂದು ಸರಿಯಾಗಿ ಬೆರೆಯುವ ಮೊದಲೇ ಮುಂದಕ್ಕೆ ಹೋಗುತ್ತಿದ್ದವು. ಹಿಂದಿನಿಂದ ಹೊಸ ಯುರೇನಿಯಂ ಬರುತ್ತಲೇ ಇತ್ತು.

2013ರ ಹೊಸ ನಿರ್ಧಾರ ಗುರಿಯನ್ನೇ ಬದಲಿಸಿತು. ಓಡುವ ನೀರಿನ ಹಿಂದೆ ಬೀಳುವ ಬದಲು, ಯುರೇನಿಯಂ ಹೆಚ್ಚಿರುವ ಸುಮಾರು ಮೂರು ಎಕರೆಯ ಕೆಳಗೆ, ವರ್ಷಕ್ಕೊಮ್ಮೆ ನೆನೆಯುವ ಆ ಪಟ್ಟಿಗೇ ಫಾಸ್ಫೇಟ್ ಮುಟ್ಟಿಸುವುದು. 2015ರ ಕೊನೆಯಲ್ಲಿ ಮೊದಲ ಹಂತ, 2018ರಲ್ಲಿ ಎರಡನೆಯದು. ಇಳಿಸಿದ ಫಾಸ್ಫೇಟ್ ಯುರೇನಿಯಂ ಜೊತೆ ಸೇರಿ ಗಟ್ಟಿ ಖನಿಜವಾಗಬಹುದು, ಅಥವಾ ಕ್ಯಾಲ್ಸಿಯಂ ಜೊತೆ ಸೇರಿ, ನಮ್ಮ ಮೂಳೆಯಲ್ಲಿರುವಂಥದ್ದೇ ಆದ ಅಪಟೈಟ್ ಆಗಿ ಕಣಗಳ ಮೇಲೆ ಲೇಪ ಕಟ್ಟಬಹುದು. ಎರಡರಿಂದಲೂ ಯುರೇನಿಯಂ ಬಿಡುಗಡೆ ನಿಧಾನವಾಗುತ್ತದೆ. ಎಲ್ಲವನ್ನೂ ಶಾಶ್ವತವಾಗಿ ಬಂಧಿಸುವ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಅದು ನನಗೆ ಮೆಚ್ಚಿಗೆಯಾದ ಸಂಗತಿ.

ಈ ನಡುವೆ ನದಿಗೆ ಸೇರುವ ಯುರೇನಿಯಂ ಸೆಕೆಂಡಿಗೆ ಸರಾಸರಿ ಮೂರು ಸಾವಿರ ಘನಮೀಟರಿಗೂ ಹೆಚ್ಚು ನೀರು ಹರಿಯುವ ಕೊಲಂಬಿಯಾದಲ್ಲಿ ತೆಳುವಾಗಿಬಿಡುತ್ತದೆ. ಕೆಳಗಿನ ರಿಚ್‌ಲ್ಯಾಂಡ್ ನಗರ ಇದೇ ನದಿಯ ನೀರನ್ನು ಎತ್ತಿ ಶುದ್ಧೀಕರಿಸಿ ಕುಡಿಯುತ್ತದೆ. ಅಲ್ಲಿಂದ ಮೇಲಕ್ಕೆ ಹ್ಯಾನ್‌ಫರ್ಡ್ ರೀಚ್ ಎಂಬ ಅಣೆಕಟ್ಟಿಲ್ಲದ ಹರಿವಿನಲ್ಲಿ ಪ್ರತಿ ಶರತ್ಕಾಲದಲ್ಲೂ ಚಿನೂಕ್ ಸಾಲ್ಮನ್ ಮೀನುಗಳು ಬಂದು, ಜಲ್ಲಿ ಕೆದರಿ ಮೊಟ್ಟೆಯಿಡುತ್ತವೆ. ದಡದಿಂದ ಊಟೆಯಾಗಿ ಒಸರುವ ಅಂತರ್ಜಲ ಮೊದಲು ಹಾದುಬರುವುದೂ ನದಿತಳದ ಜಲ್ಲಿಯನ್ನೇ. ಅದಕ್ಕೇ 300 ಏರಿಯಾದ ಬಾವಿಗಳಿಂದ ಮಾದರಿ ತೆಗೆಯುವಾಗ ಬರೀ ಯುರೇನಿಯಂ ಅಂಕಿಯನ್ನು ಬರೆದುಕೊಂಡರೆ ಸಾಲದು. ಅಂದು ನದಿಯ ಮಟ್ಟ ಎಷ್ಟಿತ್ತು ಎಂಬುದನ್ನೂ ಪಕ್ಕದಲ್ಲೇ ಬರೆಯಬೇಕು.